ಎಂಜಿನ್‌ಗೆ ಕಾರ್ಬ್ಯುರೇಟರ್ ಅಳತೆ: ನಾನು ಲೆಕ್ಕ ಹಾಕುವ ಬಗೆ

ಎಂಜಿನ್‌ಗೆ ಹೋಗುವ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಆರಿಸುವಾಗ ನಾನು ಮೊದಲು ಗಟ್ಟಿಮಾಡಿಕೊಳ್ಳುವುದು ಎಂಜಿನ್ ನಿಜವಾಗಿ ತಲುಪುವ ಗರಿಷ್ಠ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಗಾತ್ರದಷ್ಟು ಗಾಳಿ ಎಳೆಯುತ್ತದೆ. ಹಾಗಾಗಿ ಲೀಟರ್ ಗಾತ್ರವನ್ನು ಆರ್‌ಪಿಎಂನಿಂದ ಗುಣಿಸಿ 56.6ರಿಂದ ಭಾಗಿಸಿದರೆ ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬುದು ಬರುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ ಸಾಮಾನ್ಯ ಎಂಜಿನ್‌ಗೆ ಅದರ 80ರಿಂದ 85 ಶೇಕಡಾ ಹಿಡಿಯುತ್ತೇನೆ.

5.7 ಲೀಟರ್ ವಿ8 ತೆಗೆದುಕೊಳ್ಳಿ. 5500 ಆರ್‌ಪಿಎಂಗೆ 554 ಸಿಎಫ್‌ಎಂ, ಅದರ 85 ಶೇಕಡಾ ಸುಮಾರು 470. ಅದೇ ಎಂಜಿನ್‌ಗೆ 7000 ಆರ್‌ಪಿಎಂ, ನೂರಕ್ಕೆ ನೂರು ಎಂದು ಆಸೆಯ ಲೆಕ್ಕ ಹಾಕಿದರೆ 705 ಬರುತ್ತದೆ. 750 ಸಿಎಫ್‌ಎಂ ಕಾರ್ಬ್ಯುರೇಟರನ್ನು ತಂದು ಕೂರಿಸುವುದು ಹೀಗೆ. ನಾನಾದರೆ 500 ಹಾಕುತ್ತೇನೆ, ಹೆಚ್ಚೆಂದರೆ ವ್ಯಾಕ್ಯೂಮ್ ಸೆಕೆಂಡರಿ (ಎಂಜಿನ್ ಹೆಚ್ಚು ಗಾಳಿ ಎಳೆದಾಗ ಮಾತ್ರ ತಾನೇ ತೆರೆಯುವ ಎರಡನೇ ಜೊತೆ ಗಾಳಿದಾರಿ) ಇರುವ 600.

ದೊಡ್ಡದಾದರೆ ಏನಾಗುತ್ತದೆ? ಕಡಿಮೆ ಆರ್‌ಪಿಎಂನಲ್ಲಿ ವೆಂಚುರಿಯೊಳಗೆ, ಅಂದರೆ ಕಾರ್ಬ್ಯುರೇಟರ್‌ನ ಕಿರಿದಾದ ಕೊರಳಿನಲ್ಲಿ, ಗಾಳಿಯ ವೇಗ ಸಾಲದು. ಪೆಟ್ರೋಲನ್ನು ಎಳೆಯುವಷ್ಟು ಒತ್ತಡದ ವ್ಯತ್ಯಾಸ ಹುಟ್ಟುವುದಿಲ್ಲ, ಬಂದ ಪೆಟ್ರೋಲ್ ಸಣ್ಣ ಹನಿಗಳಾಗಿ ಒಡೆಯದೆ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಮಿಶ್ರಣ ಒಯ್ಯುವ ಕೊಳವೆ) ಗೋಡೆಗೆ ಅಂಟುತ್ತದೆ. ಪೆಡಲ್ ಒತ್ತಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ. ಅದನ್ನು ಮುಚ್ಚಲು ಜೆಟ್ (ಪೆಟ್ರೋಲ್ ಅಳೆದು ಬಿಡುವ ರಂಧ್ರ) ಮತ್ತು ಆಕ್ಸಿಲರೇಟರ್ ಪಂಪ್ (ಪೆಡಲ್ ಒತ್ತಿದಾಗ ಪೆಟ್ರೋಲ್ ಚಿಮ್ಮಿಸುವುದು) ದೊಡ್ಡದು ಮಾಡುತ್ತಾ ಹೋದರೆ ಪ್ಲಗ್ ಕಪ್ಪಾಗುತ್ತದೆ, ಮೂಲ ಕಾಯಿಲೆ ಹಾಗೇ ಉಳಿಯುತ್ತದೆ. ಸ್ವಲ್ಪ ಚಿಕ್ಕದಾದರೆ ನಷ್ಟ ತುತ್ತತುದಿಯ ಆರ್‌ಪಿಎಂನಲ್ಲಿ ಮಾತ್ರ; ರಸ್ತೆ ಕಾರು ಅಲ್ಲಿ ಎಷ್ಟು ಹೊತ್ತು ಓಡೀತು?

ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ಹಾಗೇ ನಂಬಬಾರದು. ನಾಲ್ಕು ಬ್ಯಾರೆಲ್‌ನವನ್ನು (ಬ್ಯಾರೆಲ್ ಎಂದರೆ ಗಾಳಿ ಹೋಗುವ ಕೊಳವೆ) 1.5 ಇಂಚು ಪಾದರಸದ ಒತ್ತಡದಿಳಿತದಲ್ಲಿ ಅಳೆಯುವುದು ರೂಢಿ, ಎರಡು ಬ್ಯಾರೆಲ್‌ನವನ್ನು 3 ಇಂಚಿನಲ್ಲಿ. ಹೋಲಿಸಲು ಎರಡನೆಯದನ್ನು 1.41ರಿಂದ ಭಾಗಿಸಬೇಕು: 500 ಎಂದಿರುವ ಎರಡು ಬ್ಯಾರೆಲ್, ಈ ಅಳತೆಯಲ್ಲಿ ಬರೀ 354. ಇನ್ನು ಸಿಲಿಂಡರ್‌ಗೊಂದು ಬ್ಯಾರೆಲ್ ಇರುವ ಜೋಡಣೆಗೆ ಈ ಸೂತ್ರವೇ ಹೊಂದುವುದಿಲ್ಲ. ಅಲ್ಲಿ ಗಾಳಿ ಬಿಟ್ಟುಬಿಟ್ಟು ಹರಿಯುವುದರಿಂದ ಪ್ರತಿ ಬ್ಯಾರೆಲ್‌ನ ವೆಂಚುರಿ ವ್ಯಾಸ ನೋಡಿ ಆರಿಸಬೇಕು.

ಕೂರಿಸಿದ ಮೇಲೆ ವ್ಯಾಕ್ಯೂಮ್ ಗೇಜನ್ನು ಕಾರ್ಬ್ಯುರೇಟರ್ ಕೆಳಗೆ ಮ್ಯಾನಿಫೋಲ್ಡ್‌ಗೆ ಸಿಕ್ಕಿಸುತ್ತೇನೆ. ಅದಕ್ಕೆ ಮೊದಲು ಎಂಜಿನ್ ಆಫ್ ಮಾಡಿ, ಪೆಡಲ್ ನೆಲಕ್ಕೊತ್ತಿದಾಗ ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ಪ್ಲೇಟ್ ನೆಟ್ಟಗೆ ನಿಲ್ಲುತ್ತದೆಯೇ ಎಂದು ಇಣುಕಿ ನೋಡಬೇಕು. ಪೆಡಲ್‌ಗೂ ಪ್ಲೇಟ್‌ಗೂ ನಡುವಿನ ಲಿಂಕೇಜ್ ಸಡಿಲವಿದ್ದರೆ ಒಳ್ಳೆಯ ಕಾರ್ಬ್ಯುರೇಟರ್ ಕೂಡ ಚಿಕ್ಕದೆಂದು ತೋರುತ್ತದೆ. ಪರೀಕ್ಷೆ ಟ್ರ್ಯಾಕ್ ಅಥವಾ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ, ಗೇರ್‌ನಲ್ಲಿ, ಭಾರ ಬಿದ್ದಿರುವಾಗಲೇ ಆಗಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ಆರ್‌ಪಿಎಂ ಹತ್ತಿರ 1.5 ಇಂಚಿಗಿಂತ ಹೆಚ್ಚು ತೋರಿಸಿದರೆ ಉಸಿರು ಕಟ್ಟುತ್ತಿದೆ ಎಂದರ್ಥ, ಅರ್ಧ ಇಂಚಿಗಿಂತ ಕಡಿಮೆಯಿದ್ದರೆ ರಸ್ತೆ ಕಾರಿಗೆ ದೊಡ್ಡದಾಯಿತು. ವ್ಯಾಕ್ಯೂಮ್ ಸೆಕೆಂಡರಿಯಿದ್ದು ಗೇಜ್ ಹೆಚ್ಚು ತೋರಿಸಿದರೆ, ಕಾರ್ಬ್ಯುರೇಟರ್ ಬದಲಿಸುವ ಮೊದಲು ಅದನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗ್ ಬದಲು ಹಗುರದ್ದು ಹಾಕಿ ನೋಡಿ. ಸೆಕೆಂಡರಿ ಪೂರ್ತಿ ತೆರೆದೇ ಇರಲಿಕ್ಕಿಲ್ಲ.