ಹರ್ನಿಯಾ ಎಂದು ಹೇಳಿಕೊಂಡವರ ಪಕ್ಕದ ಕುರ್ಚಿ

ವೃಷಣದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಮಲಗಿದವನ ಪಕ್ಕದಲ್ಲಿ, ಅದೇ ಆಪರೇಷನ್ ಮಾಡಿಸಿಕೊಂಡು ಗುಣವಾದ ಇನ್ನೊಬ್ಬನನ್ನು ಕೂರಿಸುವ ಕೆಲಸವನ್ನು ಹಾಸನದಲ್ಲಿ ಆರೇಳು ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಲು ಹೇಳಿದಾಗ ನನಗೆ ಆಪರೇಷನ್ ಮಾಡಿದ ಸರ್ಜನ್ನರೇ ನಕ್ಕರು. "ನಮ್ಮ ಗಂಡಸರು ಇದನ್ನು ಹೆಂಡತಿಗೇ ಹೇಳುವುದಿಲ್ಲ, ನಿಮಗೆ ಹೇಳುತ್ತಾರೆಯೇ?" ಎಂದರು. ನಮ್ಮಣ್ಣನಂತೂ, ಅಂಗಡಿಗೆ ಬೀಗ ಹಾಕಿ ನಿನ್ನ ಮರ್ಯಾದೆಯನ್ನು ನೀನೇ ಹರಾಜು ಹಾಕುತ್ತೀಯಾ ಎಂದು ಬೈದು ಕೆಲವು ವಾರ ಮಾತು ಬಿಟ್ಟ. ಈಗ ಅದೇ ಸರ್ಜನ್ನರು ರೋಗಿಗೆ ಆಪರೇಷನ್ ದಿನ ಗೊತ್ತುಮಾಡುವಾಗಲೇ ನನ್ನ ನಂಬರನ್ನೂ ಬರೆದುಕೊಡುತ್ತಾರೆ. ಶಿವಮೊಗ್ಗ, ಮಡಿಕೇರಿ ಕಡೆಯ ಕೆಲವರು ತಮ್ಮ ಊರಿನಲ್ಲೂ ಶುರುಮಾಡಬೇಕೆಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆ ಏನು, ಅದಿದ್ದಾಗ ರಕ್ತದಲ್ಲಿ ಏರುವ ಮಾರ್ಕರ್ ಏನು ಎಂಬುದು ನಿಮಗೆ ಮೈಮೇಲೆ ಬಂದು ಗೊತ್ತಾಗಿರುವ ವಿಷಯ. ಅದನ್ನು ಬಿಡುತ್ತೇನೆ.

ದುಡ್ಡು ನೀರಿನಲ್ಲಿ ಹೋದ ಕಥೆಯಿಂದಲೇ ಶುರುಮಾಡುತ್ತೇನೆ. ಆರಂಭದಲ್ಲಿ ತಿಂಗಳಿಗೊಂದು ಸಭೆ ಎಂದು ಸಣ್ಣ ಹಾಲ್ ಒಂದನ್ನು ಹಿಡಿದೆ. ಬಾಡಿಗೆ ಒಂದೂವರೆ ಸಾವಿರದ ಹತ್ತಿರ, ಅದರ ಮೇಲೆ ಮೂವತ್ತು ಜನರ ಲೆಕ್ಕದಲ್ಲಿ ಉದ್ದಿನವಡೆ, ಕಾಫಿ. ಬಂದವರು ಮೂರು ಮತ್ತೊಬ್ಬರು. ಅದರಲ್ಲಿ ಒಬ್ಬ ವಿಮೆ ಏಜೆಂಟ್. ವಡೆಯೆಲ್ಲ ನಮ್ಮ ಬೀದಿಯ ಮಕ್ಕಳ ಪಾಲಾಯಿತು. ಹಾಸನದಲ್ಲಿ ಬಾಗಿಲ ಮೇಲೆ ಏನೆಂದು ಬೋರ್ಡ್ ಹಾಕಿದರೂ, ಒಳಗೆ ಹೋದವನು ಯಾಕೆ ಹೋದ ಎಂಬುದು ಸಂಜೆಯೊಳಗೆ ಸಂತೆಪೇಟೆ ಮುಟ್ಟುತ್ತದೆ. ಹಠ ಹಿಡಿದು ನಾಲ್ಕೈದು ತಿಂಗಳು ನಡೆಸಿ ಹತ್ತು ಸಾವಿರ ಚಿಲ್ಲರೆ ಕಳೆದುಕೊಂಡೆ.

ಆಮೇಲೆ ವಾಟ್ಸ್ಆ್ಯಪ್ ಗುಂಪು. ಅದಕ್ಕೆ ಖರ್ಚಿಲ್ಲ ಎಂದು ಖುಷಿಪಟ್ಟದ್ದೇ ಬಂತು. ಬೆಳಿಗ್ಗೆ ಶುಭೋದಯದ ಹೂವು, ಮಧ್ಯಾಹ್ನ ಲಕ್ಷ್ಮಣಫಲದ ಕಷಾಯ, ರಾತ್ರಿ ಗೋಮೂತ್ರದ ಮಹಿಮೆ. ಸದಸ್ಯನೊಬ್ಬ ಕಷಾಯ ನಂಬಿಕೊಂಡು ಕೀಮೋ ದಿನಾಂಕ ಮುಂದಕ್ಕೆ ಹಾಕಿದ್ದು ಗೊತ್ತಾದ ದಿನವೇ ಗುಂಪನ್ನು ಅಳಿಸಿ, ಅವನ ಮನೆಗೆ ಹೋಗಿ ಕರೆದುಕೊಂಡು ಬಂದೆ.

ಮೂರನೆಯದು, ಗಂಟಲು ಕ್ಯಾನ್ಸರ್‌ನಿಂದ ಗುಣವಾದ ನಿವೃತ್ತ ಮೇಷ್ಟ್ರೊಬ್ಬರನ್ನು ವಾರ್ಡಿಗೆ ಕಳಿಸಿದ್ದು. ಚಿನ್ನದಂಥ ಮನುಷ್ಯ, ಮಾತುಗಾರ. ಹಾಸಿಗೆಯಲ್ಲಿದ್ದವನು ಇಪ್ಪತ್ತೆರಡರ ಡಿಪ್ಲೊಮಾ ಹುಡುಗ. ಮೇಷ್ಟ್ರು ಒಂದು ಗಂಟೆ ಧೈರ್ಯ ಹೇಳಿದರು. ಹುಡುಗನಿಗೆ ಬೇಕಾಗಿದ್ದದ್ದು ಬೇರೆ: ಹಾಸ್ಟೆಲ್ಲಿನ ಸ್ನಾನದ ಮನೆಯಲ್ಲಿ ಯಾರಾದರೂ ನೋಡಿದರೆ ಗೊತ್ತಾಗುತ್ತದೆಯೇ, ಮತ್ತೆ ಕಬಡ್ಡಿ ಆಡಬಹುದೇ, ಮುಂದೆ ಗಂಡಸಾಗಿ ಇರುತ್ತೇನೆಯೇ. ಇದನ್ನು ಅವನು ಮೇಷ್ಟ್ರನ್ನು ಹೇಗೆ ಕೇಳಿಯಾನು? ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಆ ರಾತ್ರಿ ಅಂಗಡಿಯ ಲೆಕ್ಕದ ಪುಸ್ತಕದ ಹಿಂದೆ ಒಂದು ಲೆಕ್ಕ ಹಾಕಿದೆ. ಈ ಕಾಯಿಲೆ ಭಾರತದಲ್ಲಿ ಲಕ್ಷ ಗಂಡಸರಿಗೆ ವರ್ಷಕ್ಕೆ ಒಬ್ಬರಿಗೂ ಬರುವುದಿಲ್ಲ, ಎರಡು ಲಕ್ಷಕ್ಕೆ ಒಬ್ಬರೆನ್ನಿ. 2011ರ ಗಣತಿಯಲ್ಲಿ ಹಾಸನ ಜಿಲ್ಲೆಯ ಜನ ಹದಿನೇಳು ಲಕ್ಷ ಚಿಲ್ಲರೆ, ಗಂಡಸರು ಅದರಲ್ಲಿ ಅರ್ಧ. ಅಂದರೆ ವರ್ಷಕ್ಕೆ ನಾಲ್ಕೈದು ಜನ. ಅವರಲ್ಲೂ ಅರ್ಧದಷ್ಟು ಜನ ನೇರವಾಗಿ ಬೆಂಗಳೂರು, ಮಂಗಳೂರಿಗೆ ಹೋಗುತ್ತಾರೆ. ಇಷ್ಟು ಜನರನ್ನು ಇಟ್ಟುಕೊಂಡು ಹಾಲ್ ತುಂಬಿಸಲು ಹೊರಟರೆ ವಡೆ ಉಳಿಯದೆ ಇನ್ನೇನಾಗುತ್ತದೆ? ಒಬ್ಬನಿಗೆ ಒಬ್ಬ, ಅಷ್ಟೇ ಸಾಧ್ಯ. ಆದರೆ ಆ ಒಬ್ಬ ಅದೇ ಆಪರೇಷನ್ ಆದವನಾಗಿರಬೇಕು, ವಯಸ್ಸಿನಲ್ಲಿ ಏಳೆಂಟು ವರ್ಷಕ್ಕಿಂತ ಹೆಚ್ಚಿನ ಅಂತರ ಇರಬಾರದು. ಈ ಎರಡು ಷರತ್ತು ಬಿಟ್ಟುಕೊಟ್ಟಾಗಲೆಲ್ಲ ಕೆಲಸ ಕೆಟ್ಟಿದೆ.

ಕ್ರಮ ಇಷ್ಟೇ. ಆಪರೇಷನ್ನಿನ ಹಿಂದಿನ ಸಂಜೆ ಅರ್ಧ ಗಂಟೆ. ಆಮೇಲೆ ರೋಗಿ ಥಿಯೇಟರಿನಿಂದ ಹೊರಬಂದು ಕಾಲು ಆಡಿಸತೊಡಗಿದಾಗಿನಿಂದ ಡಿಸ್ಚಾರ್ಜ್ ಆಗುವವರೆಗೆ ಜೊತೆಗಾರ ದಿನಕ್ಕೆ ಎರಡು ಹೊತ್ತು ಇರುತ್ತಾನೆ. ಹೊಲಿಗೆ ಬಿಚ್ಚಿಸಲು ಬಂದ ದಿನ ಮತ್ತೊಮ್ಮೆ. ಔಷಧದ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಗಾಯದಲ್ಲಿ ಕೀವು, ಜ್ವರ, ನೋಡನೋಡುತ್ತಿದ್ದಂತೆ ಏರುವ ಊತ ಕಂಡರೆ ಸಿಸ್ಟರನ್ನು ಕರೆಯುವುದಷ್ಟೇ ಅವನ ಕೆಲಸ. ದೇವರು, ಧೈರ್ಯ, ಹೋರಾಟ ಈ ಮೂರು ಮಾತನ್ನೂ ನಾನು ನಿಷೇಧಿಸಿದ್ದೇನೆ. ಮೈಯ ಮಾತು ಮಾತ್ರ.

ಮೈಯ ಮಾತು ಎಂದರೆ ಮೊದಲ ರಾತ್ರಿಯ ಮೂತ್ರ. ಬೆನ್ನಿಗೆ ಚುಚ್ಚಿ ಮರಗಟ್ಟಿಸಿದ ಮೇಲೆ ಎಷ್ಟೋ ಜನರಿಗೆ ಮಲಗಿದಲ್ಲಿ ಮೂತ್ರ ಬರುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಟ್ಯೂಬ್ ಹಾಕುತ್ತಾರೆಂಬ ಭಯದಲ್ಲಿ ಇನ್ನೂ ಬಿಗಿಯುತ್ತದೆ. ಅಮ್ಮ, ಹೆಂಡತಿ ಪಕ್ಕದಲ್ಲಿದ್ದರೆ ಹೇಳಲು ನಾಚಿಕೆ. ಜೊತೆಗಾರ ಸಿಸ್ಟರಿಂದ ಒಪ್ಪಿಗೆ ಪಡೆದು, ಎಬ್ಬಿಸಿ ನಿಲ್ಲಿಸಿ, ಬಾತ್‌ರೂಮಿನ ನಲ್ಲಿ ಸಣ್ಣಗೆ ಬಿಟ್ಟು ಹೊರಗೆ ಕಾಯುತ್ತಾನೆ. ಹತ್ತರಲ್ಲಿ ಏಳೆಂಟು ಸಲ ಅಷ್ಟೇ ಸಾಕಾಗಿದೆ. ಇದು ನರ್ಸ್‌ಗಳಿಗೆ ಗೊತ್ತಿಲ್ಲವೆಂದಲ್ಲ, ಮೂವತ್ತು ಹಾಸಿಗೆಗೆ ಇಬ್ಬರು ಇರುವಾಗ ಅವರು ನಲ್ಲಿ ಬಿಟ್ಟುಕೊಂಡು ಎಲ್ಲಿ ನಿಲ್ಲುತ್ತಾರೆ?

ಎರಡನೆಯದು ಕೆಮ್ಮು. ಸಣ್ಣ ದಿಂಬನ್ನು ತೊಡೆಸಂದಿನ ಹೊಲಿಗೆಯ ಮೇಲೆ ಒತ್ತಿ ಹಿಡಿದು ಕೆಮ್ಮಬೇಕು. ಹೇಳಿದರೆ ಸಾಲದು, ಜೊತೆಗಾರ ಮಾಡಿ ತೋರಿಸಬೇಕು. ನಗುವೂ ಕೆಮ್ಮಿನಷ್ಟೇ ನೋವು ಕೊಡುತ್ತದೆ. ಅರಸೀಕೆರೆಯ ನಮ್ಮ ಹುಡುಗನೊಬ್ಬ ದೊಡ್ಡ ನಗೆಗಾರ. ಅವನು ಹೋದ ಮೊದಲ ದಿನವೇ ರೋಗಿ ಹೊಟ್ಟೆ ಹಿಡಿದುಕೊಂಡು "ಅಣ್ಣ, ನಿಮ್ಮ ಕಾಲಿಗೆ ಬೀಳುತ್ತೇನೆ, ಸುಮ್ಮನಿರಿ" ಎಂದು ಅತ್ತುಬಿಟ್ಟನಂತೆ. ಅಂದಿನಿಂದ ಅವನನ್ನು ಮೂರನೆಯ ದಿನದ ನಂತರ ಕಳಿಸುತ್ತೇನೆ.

ತೊಡೆಯ ಒಳಭಾಗ ಮರಗಟ್ಟಿದಂತಿರುವುದು, ವೃಷಣದ ಚೀಲ ನೀಲಿಗಟ್ಟುವುದು, ತೆಗೆದುಹಾಕಿದ ಬೀಜವೇ ನೋಯುತ್ತಿದೆ ಎಂದು ಅನಿಸುವುದು, ಇವನ್ನೆಲ್ಲ ಬರುವ ಮುಂಚೆಯೇ ಹೇಳಿಬಿಡಬೇಕು. ಕೊನೆಯದು ನನಗೆ ಬಂದಾಗ ತಲೆ ಕೆಟ್ಟಿತೆಂದೇ ತಿಳಿದಿದ್ದೆ. ಈಗ ನಾನು ಹೇಳಿದರೆ ಹುಡುಗರ ಮುಖ ಸಡಿಲವಾಗುವುದು ಕಾಣುತ್ತದೆ.

ಆಪರೇಷನ್ ಆದ ಮೇಲೆ ಚೀಲವನ್ನು ಎತ್ತಿ ಹಿಡಿಯುವ ಲಂಗೋಟಿಯ ಪ್ರಯೋಗ ನನ್ನ ಹೆಮ್ಮೆ. ಕ್ರೀಡಾ ಸಾಮಗ್ರಿ ಅಂಗಡಿಯ ಸಪೋರ್ಟರ್ ಇನ್ನೂರೈವತ್ತು ಮುನ್ನೂರು ರೂಪಾಯಿ, ಅದರ ಎಲಾಸ್ಟಿಕ್ ಸರಿಯಾಗಿ ಹೊಲಿಗೆಯ ಮೇಲೇ ಕೂರುತ್ತದೆ. ಗರಡಿಮನೆಯವರ ಲಂಗೋಟಿ ತರಿಸಿದೆ. ಎತ್ತಿ ಹಿಡಿಯುವುದೇನೋ ಚೆನ್ನ, ಆದರೆ ಬಿಗಿ ವಿಪರೀತ, ಕಟ್ಟಲು ಬಾಗಬೇಕು. ಕೊನೆಗೆ ನಮ್ಮ ಅಂಗಡಿಯ ಪಕ್ಕದ ಟೈಲರ್ ಹಳೆಯ ಪಂಚೆಯ ಬಟ್ಟೆಯಲ್ಲಿ, ಪಟ್ಟಿ ಸೊಂಟದ ಮೇಲಕ್ಕೆ ಬರುವಂತೆ, ಗಾಯದ ಕಡೆ ಹೊಲಿಗೆಯ ಅಂಚು ಬಾರದಂತೆ ಒಂದು ಮಾಡಿಕೊಟ್ಟ. ಎಂಬತ್ತು ರೂಪಾಯಿ. ಸರ್ಜನ್ನರು ತಿರುಗಿಸಿ ಮುರುಗಿಸಿ ನೋಡಿ ತಾವೇ ಎರಡು ಇಟ್ಟುಕೊಂಡರು. ಪಟ್ಟಿಯ ಅಳತೆ ಮಾತ್ರ ಇಲ್ಲಿ ಬರೆಯುವುದಿಲ್ಲ. ಬೇಕಾದವರು ಟೈಲರಿಗೆ ಎಂಬತ್ತು ರೂಪಾಯಿ ಕೊಟ್ಟು ಒಂದು ಹೊಲಿಸಿಕೊಳ್ಳಿ, ಅವನೂ ಬದುಕಬೇಕು.

ಊರಿಗೆ ಏನು ಹೇಳುವುದು ಎಂಬ ಪ್ರಶ್ನೆ ಡಾಕ್ಟರ ಹತ್ತಿರ ಯಾರೂ ಕೇಳುವುದಿಲ್ಲ, ನಮ್ಮ ಹತ್ತಿರ ಮೊದಲ ಹತ್ತು ನಿಮಿಷದಲ್ಲೇ ಬರುತ್ತದೆ. ಕತ್ತರಿಸುವುದು ಕೆಳಗಲ್ಲ, ತೊಡೆಸಂದಿಯಲ್ಲಿ. ವೃಷಣದ ಚೀಲವನ್ನು ಕೊಯ್ದರೆ ಕಾಯಿಲೆ ಬೇರೆ ದುಗ್ಧಗ್ರಂಥಿಗಳ (ಲಿಂಫ್ ನೋಡ್) ದಾರಿ ಹಿಡಿಯಬಹುದೆಂದು ಮೇಲಿನಿಂದಲೇ ವೃಷಣವನ್ನು ಅದು ತೂಗುವ ಹುರಿಯ ಸಮೇತ ಹೊರತೆಗೆಯುತ್ತಾರೆ. ಹಾಗಾಗಿ ಗಾಯದ ಗುರುತು ಹರ್ನಿಯಾದ್ದೇ. ಭಾರ ಎತ್ತಬಾರದು, ಬೈಕ್ ಕೆಲವು ವಾರ ಬೇಡ, ಎಲ್ಲವೂ ಹರ್ನಿಯಾಕ್ಕೆ ಹೊಂದುತ್ತದೆ. ಆಲೂರಿನ ಒಬ್ಬ ಇವತ್ತಿಗೂ ತನ್ನ ಮಾವನಿಗೆ ಹರ್ನಿಯಾ ಎಂದೇ ಹೇಳಿಕೊಂಡಿದ್ದಾನೆ, ನನಗೇನೂ ಅಭ್ಯಂತರವಿಲ್ಲ. ಕೀಮೋ ಬೇಕಾದರೆ ಮಾತ್ರ ಈ ಕಥೆ ನಿಲ್ಲುವುದಿಲ್ಲ. ಇಪ್ಪತ್ತೊಂದು ದಿನಕ್ಕೊಂದು ಸುತ್ತಿನ ಬಿಇಪಿ ಎಂಬ ಮೂರು ಔಷಧದ ಕೀಮೋ ಶುರುವಾದರೆ ಎರಡನೆಯ ಸುತ್ತಿನೊಳಗೆ ಕೂದಲು ಹೋಗುತ್ತದೆ, ಹರ್ನಿಯಾಕ್ಕೆ ಯಾರ ತಲೆಯೂ ಬೋಳಾಗುವುದಿಲ್ಲ. ಆಗ ಮನೆಯವರಿಗೆ ಹೇಳುವಾಗ ಜೊತೆಗಾರ ಪಕ್ಕದಲ್ಲಿರುತ್ತಾನೆ. ಇಲ್ಲಿ ಯುವರಾಜ್ ಸಿಂಗ್ ನಮಗೆ ಬಹಳ ಉಪಕಾರ ಮಾಡಿದ್ದಾರೆ. ಅವರಿಗೆ ಎದೆಯೊಳಗೆ ಬಂದದ್ದೂ ವೃಷಣದಲ್ಲಿ ಬರುವ ಇದೇ ಸೆಮಿನೋಮಾ ಜಾತಿಯ ಗಡ್ಡೆ. 2012ರಲ್ಲಿ ಅಮೆರಿಕದಲ್ಲಿ ಕೀಮೋ ಮುಗಿಸಿ ಅದೇ ವರ್ಷ ಭಾರತ ತಂಡಕ್ಕೆ ಆಡಿದರು. ಹಳ್ಳಿಯ ಅಜ್ಜನಿಗೂ ಈ ಹೆಸರು ಹೇಳಿದರೆ ಅರ್ಧ ಕೆಲಸ ಮುಗಿಯಿತು.

ಮಕ್ಕಳ ಪ್ರಶ್ನೆಯನ್ನು ಕೇಳುವವರು ಯಾವಾಗಲೂ ತಾಯಂದಿರು, ಅದೂ ಕಾರಿಡಾರಿನಲ್ಲಿ, ಧ್ವನಿ ತಗ್ಗಿಸಿ. ಉಳಿದ ಒಂದು ಚೆನ್ನಾಗಿದ್ದರೆ ಸಾಮಾನ್ಯವಾಗಿ ಸಾಕು. ಕೀಮೋ ಇದ್ದರೆ ಅದಕ್ಕೆ ಮೊದಲೇ ವೀರ್ಯ ಕಾಪಿಡುವ ವಿಷಯವನ್ನು ಡಾಕ್ಟರ ಹತ್ತಿರ ಎತ್ತಿ ಎಂದು ನಾವು ಹಿಂದಿನ ಸಂಜೆಯೇ ನೆನಪಿಸುತ್ತೇವೆ. ನಾನು ಇಟ್ಟದ್ದು ಬೆಂಗಳೂರಿನಲ್ಲಿ. ಆಗ ಶುರುವಿಗೆ ಏಳೆಂಟು ಸಾವಿರ, ಆಮೇಲೆ ವರ್ಷಕ್ಕಿಷ್ಟು ಎಂದು ಕಟ್ಟಿದ ನೆನಪು. ಅದು ಬೇಕಾಗಲೇ ಇಲ್ಲ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳ ಫೋಟೊ ನನ್ನ ಫೋನಿನಲ್ಲಿ ಯಾವಾಗಲೂ ಮೇಲೇ ಇರುತ್ತದೆ, ಕಾರಿಡಾರಿಗಾಗಿ.

ಇನ್ನು ಮಾರ್ಕರ್ ಕ್ಯಾಲೆಂಡರ್. ಗೋಡೆಯ ಕ್ಯಾಲೆಂಡರಿನಲ್ಲಿ ಆಪರೇಷನ್ ದಿನಕ್ಕೆ ಕೆಂಪು ಸುತ್ತು ಹಾಕಿ, ಮಾರ್ಕರುಗಳಲ್ಲಿ ಎಎಫ್‌ಪಿ ಐದರಿಂದ ಏಳು ದಿನಕ್ಕೊಮ್ಮೆ ಅರ್ಧವಾಗಬೇಕು, ಎಚ್‌ಸಿಜಿ ಅದಕ್ಕಿಂತ ಬೇಗ, ಒಂದೆರಡು ದಿನದಲ್ಲೇ, ಎಂದು ರೋಗಿಯ ಕೈಯಲ್ಲೇ ಬರೆಸುತ್ತೇವೆ. ಪೂರ್ತಿ ಸೆಮಿನೋಮಾದವರಿಗೆ ಎಎಫ್‌ಪಿ ಏರಿರುವುದೇ ಇಲ್ಲ, ಅವರ ಕ್ಯಾಲೆಂಡರ್ ಬೇರೆ. ಅಂಕಿ ಇಳಿಯುವುದನ್ನು ತಾನೇ ಬರೆದವನು ಮುಂದಿನ ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ. ನನ್ನ ಪ್ರಕಾರ ಇಡೀ ಜೊತೆಗಾರಿಕೆಯ ಫಲ ಇರುವುದು ಇಲ್ಲಿ. ಇದುವರೆಗೆ ಹದಿನೈದರ ಆಸುಪಾಸು ಜನರ ಪಕ್ಕ ಕುಳಿತಿದ್ದೇವೆ, ತಪಾಸಣೆ ಬಿಟ್ಟವರು ಒಬ್ಬರೋ ಇಬ್ಬರೋ. ನಾನು ಆಪರೇಷನ್ ಮಾಡಿಸಿಕೊಂಡ ಕಾಲದಲ್ಲಿ ನನ್ನ ಜೊತೆ ಗುರುತಾದವರಲ್ಲಿ ಅರ್ಧ ಜನ ಎರಡನೆಯ ವರ್ಷಕ್ಕೇ ಮಾಯವಾಗಿದ್ದರು.

ಎಚ್‌ಸಿಜಿ ಎಂದಾಗ ಒಂದು ಅಡ್ಡ ಪ್ರಯೋಗ ನೆನಪಾಯಿತು. ಇದು ಬಸಿರಿನ ಪರೀಕ್ಷೆಯಲ್ಲಿ ನೋಡುವ ಹಾರ್ಮೋನೇ. ಲ್ಯಾಬಿನ ಹುಡುಗಿ ಚೀಟಿ ನೋಡಿ "ಸರ್, ಹೆಸರು ತಪ್ಪಾಗಿದೆಯೇ?" ಎಂದು ಕೇಳುವುದು ಮಾಮೂಲಿ. ಸಕಲೇಶಪುರದ ಒಬ್ಬ, ಎಚ್‌ಸಿಜಿ ಬಹಳ ಏರಿದ್ದವನು, ಕುತೂಹಲಕ್ಕೆ ಮೆಡಿಕಲ್ ಸ್ಟೋರಿನಿಂದ ಐವತ್ತು ರೂಪಾಯಿಯ ಬಸಿರು ಪರೀಕ್ಷೆಯ ಪಟ್ಟಿ ತಂದು ನೋಡಿದ. ಎರಡು ಗೆರೆ ಬಂತು. ಆಪರೇಷನ್ ಆಗಿ ಕೆಲವು ವಾರಕ್ಕೆ ಒಂದೇ ಗೆರೆ. ಇದನ್ನು ತಪಾಸಣೆಯ ಬದಲಿಗೆ ನಂಬಬೇಡಿ, ಸಣ್ಣ ಏರಿಕೆ ಅದಕ್ಕೆ ಕಾಣುವುದಿಲ್ಲ. ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ಈ ಮೂರೂ ಮಾರ್ಕರ್ ಸೇರಿ ಖಾಸಗಿ ಲ್ಯಾಬಿನಲ್ಲಿ ಎರಡು ಸಾವಿರದ ಮೇಲಾಗುತ್ತದೆ, ಅಷ್ಟನ್ನು ಖರ್ಚು ಮಾಡಲೇಬೇಕು.

ದುಡ್ಡಿನ ವಿಷಯ. ರೋಗಿಯಿಂದ ನಾವು ಕಾಫಿಯನ್ನೂ ಕುಡಿಯುವುದಿಲ್ಲ. ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಅರ್ಧ ದಿನ ಮುಚ್ಚಿದರೆ ಏಳೆಂಟು ನೂರು ಹೋಯಿತು, ಪಂಪ್‌ಸೆಟ್ ಸುಡುವ ಮಾರ್ಚ್, ಏಪ್ರಿಲ್‌ನಲ್ಲಾದರೆ ಅದರ ಎರಡರಷ್ಟು. ಜೊತೆಗಾರರ ಬಸ್ ಚಾರ್ಜ್, ಊಟ ಸೇರಿ ಒಬ್ಬ ರೋಗಿಗೆ ಸುಮಾರು ಒಂದೂವರೆ ಸಾವಿರ ಬೀಳುತ್ತದೆ. ಮೊದಲ ವರ್ಷಗಳಲ್ಲಿ ಎಲ್ಲ ನನ್ನ ಜೇಬಿನಿಂದ. ಈಗ ಗುಣವಾದವರು ತಿಂಗಳಿಗೆ ನೂರು ಹಾಕುತ್ತಾರೆ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ, ರೋಗಿಯ ಮನೆಯವರಿಗೆ ಲಾಡ್ಜ್ ಸಿಗುವುದಿಲ್ಲ, ನಮ್ಮ ಮನೆಯ ಹಜಾರದಲ್ಲೇ ಹಾಸಿಗೆ.

ರೋಗಿಯ ಕಡೆಯ ಖರ್ಚಿನಲ್ಲಿ ಹೆಚ್ಚು ಪೆಟ್ಟು ತಿನ್ನುವುದು ರೆಫರಲ್ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆ ಸೇರಿದವರು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ 30 ಸಿಗುತ್ತದೆ. ಆದರೆ ದಾಖಲಾಗುವ ಮೊದಲೇ ಸರ್ಕಾರಿ ಆಸ್ಪತ್ರೆಯ ಚೀಟಿ ಇರಬೇಕು. ಹೊಳೆನರಸೀಪುರ ಕಡೆಯ ಒಂದು ಕುಟುಂಬ ಇದು ತಿಳಿಯದೆ ಐವತ್ತು ಸಾವಿರ ಚಿಲ್ಲರೆ ಕಟ್ಟಿ ಎಮ್ಮೆ ಮಾರಿತು. ಅಲ್ಲಿಂದ ಮುಂದೆ ನಮ್ಮ ಮೊದಲ ಫೋನಿನ ಮೊದಲ ಪ್ರಶ್ನೆಯೇ "ಚೀಟಿ ಆಯಿತೇ?" ಎಂಬುದು.

ವಾರ್ಡಿನಲ್ಲಿ ವೇಳೆ ಮೀರಿ ಕೂರಲು ಸಿಸ್ಟರ್‌ಗಳನ್ನು ಹೇಗೆ ಒಪ್ಪಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬರೆಯುವುದಿಲ್ಲ, ಲಂಚವಲ್ಲ, ಅವರ ಕ್ವಾರ್ಟರ್ಸಿನಲ್ಲಿ ಕೆಟ್ಟು ನಿಂತಿದ್ದ ಮೋಟಾರುಗಳಿಗೂ ಇದಕ್ಕೂ ಸ್ವಲ್ಪ ಸಂಬಂಧವಿದೆ ಎಂದಷ್ಟೇ ಹೇಳುತ್ತೇನೆ. ಹಾಗೆಯೇ, ಗೋಡೆಯ ಕಡೆ ತಿರುಗಿ ಮಲಗಿದವನು ಇತ್ತ ತಿರುಗುವಂತೆ ಮಾಡುವ ಮೊದಲ ವಾಕ್ಯವೊಂದಿದೆ. ಅದನ್ನು ಹೊಸ ಜೊತೆಗಾರನ ಕಿವಿಯಲ್ಲಿ ಹೇಳುತ್ತೇನೆ, ಎಲ್ಲರ ಬಾಯಿಗೆ ಬಿದ್ದರೆ ಕೆಲಸ ಮಾಡುವುದಿಲ್ಲ.

ಅಂದು ಮೇಷ್ಟ್ರಿಗೆ ಬೆನ್ನು ತೋರಿಸಿದ ಡಿಪ್ಲೊಮಾ ಹುಡುಗನೇ ಈಗ ನಮ್ಮ ಅತ್ಯುತ್ತಮ ಜೊತೆಗಾರ, ಮೂವತ್ತರ ಒಳಗಿನವರಿಗೆಲ್ಲ ಅವನೇ. ತೊಂದರೆ ಇರುವುದು ಚಿಕ್ಕಮಗಳೂರಿನಲ್ಲಿ. ಅಲ್ಲಿ ಇರುವವನು ಕಾಫಿ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಒಬ್ಬನೇ, ವಯಸ್ಸು ನಲವತ್ತು ದಾಟಿದೆ, ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಅವನಿಗೆ ರಜೆ ಸಿಗುವುದಿಲ್ಲ. ಆ ಎರಡು ತಿಂಗಳು ಬೇಲೂರಿನ ಮೇಲೆ ಬಸ್ಸಿನಲ್ಲಿ ಹಾಸನದಿಂದಲೇ ಹುಡುಗನನ್ನು ಕಳಿಸುತ್ತಿದ್ದೇನೆ. ಹೋಗಿ ಬರಲು ಅರ್ಧ ದಿನ ಹಿಡಿಯುತ್ತದೆ. ಮೂಡಿಗೆರೆ, ಕೊಪ್ಪ, ತರೀಕೆರೆ ಕಡೆ ಆಪರೇಷನ್ ಆಗಿ ಎರಡು ವರ್ಷ ದಾಟಿದ, ಮೂವತ್ತರ ಆಸುಪಾಸಿನವರು ಯಾರಾದರೂ ಇದ್ದರೆ ಅವನಿಗೊಂದು ಜೊತೆಯಾದೀತು. ಬಸ್ ಚಾರ್ಜ್ ನಾವು ಕೊಡುತ್ತೇವೆ.