ಎರಡನೆಯ ದಿನದ ಬೆನ್ನು

2025ರ ಜುಲೈಯಲ್ಲಿ ಇಂಗ್ಲೆಂಡಿನ ವೇಗದ ಬೌಲರ್ ಜೋಫ್ರಾ ಆರ್ಚರ್ ನಾಲ್ಕು ವರ್ಷಕ್ಕೂ ಮೀರಿದ ಬಿಡುವಿನ ನಂತರ ಲಾರ್ಡ್ಸ್ ಮೈದಾನದಲ್ಲಿ ಟೆಸ್ಟ್ ಆಡಲು ಇಳಿದು, ತಮ್ಮ ಮೂರನೆಯ ಚೆಂಡಿಗೇ ಯಶಸ್ವಿ ಜೈಸ್ವಾಲ್ ಅವರ ವಿಕೆಟ್ ಪಡೆದಾಗ, ಕುಮಟಾದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ನೋಡುತ್ತಿದ್ದ ನನ್ನ ಶಿಷ್ಯರು, ಔಟಾದವರು ನಮ್ಮ ದೇಶದವರೇ ಎಂಬ ಬೇಸರವನ್ನೂ ಮರೆತು, "ಸರ್, ಅವ ವಾಪಸ್ ಬಂದ" ಎಂದು ಕೂಗಿದರು. ನಾನು ಕಾಯುತ್ತಿದ್ದದ್ದು ಐದನೆಯ ದಿನಕ್ಕೆ. ಆ ದಿನ ಬೆಳಗಿನ ಅವಧಿಯಲ್ಲಿ ರಿಷಭ್ ಪಂತ್ ಅವರ ಸ್ಟಂಪ್ ಹಾರಿಸಿ, ಆಮೇಲೆ ವಾಷಿಂಗ್ಟನ್ ಸುಂದರ್ ಹೊಡೆದ ಚೆಂಡನ್ನು ತಾವೇ ಹಾರಿ ಹಿಡಿದಾಗ, ಆರ್ಚರ್ ಈಗ ನಿಜಕ್ಕೂ ಮರಳಿದರು ಎಂದು ನನಗೆ ಅನಿಸಿತು. ಮೊದಲ ದಿನ ವೇಗವಾಗಿ ಎಸೆಯುವುದಕ್ಕೆ ವಾಸಿಯಾದ ಮೈ ಸಾಕಾಗುತ್ತದೆ. ದಣಿದ ಮೈಯನ್ನು ರಾತ್ರಿಯಷ್ಟೇ ಮಲಗಿಸಿ ಮರುದಿನ ಅದೇ ವೇಗದಲ್ಲಿ ಎಸೆಯುವುದಕ್ಕೆ ಬೇಕಾದ ತಯಾರಿಯೇ ಬೇರೆ. ನಾನು ಟೆಸ್ಟ್ ಆಡಿದವನಲ್ಲ, ವಲಯ ಮಟ್ಟದ ಎರಡು ದಿನದ ಪಂದ್ಯಗಳೇ ನನ್ನ ಎಲ್ಲೆ. ಆದರೆ ಆರ್ಚರ್ ಅನುಭವಿಸಿದ ಬೆನ್ನಿನ ಸ್ಟ್ರೆಸ್ ಫ್ರ್ಯಾಕ್ಚರನ್ನು, ಎಂದರೆ ಮತ್ತೆ ಮತ್ತೆ ಬೀಳುವ ಹೊರೆಯಿಂದ ಮೂಳೆಯಲ್ಲಿ ಮೂಡುವ ಬಿರುಕನ್ನು, ನಾನೂ ಅನುಭವಿಸಿದ್ದೇನೆ, ಆ ತಯಾರಿಯನ್ನು ನನ್ನ ಮೈಮೇಲೆಯೇ ಕಲಿತಿದ್ದೇನೆ.

ನನಗೆ ಆಗ ಇಪ್ಪತ್ತು ವರ್ಷ. ಬಲಗೈ ವೇಗದ ಬೌಲರ್. ಕುಮಟಾದ ಮಣಕಿ ಮೈದಾನದಲ್ಲಿ ಕಾಂಕ್ರೀಟಿನ ಮೇಲೆ ಮ್ಯಾಟ್ ಹಾಸಿ ಮೊಳೆ ಬಡಿದ ಪಿಚ್‌ನಲ್ಲಿ ದಿನಕ್ಕೆ ಎಂಬತ್ತು, ತೊಂಬತ್ತು ಚೆಂಡು ಎಸೆಯುತ್ತಿದ್ದೆ. ಲೆಕ್ಕ ಇಟ್ಟವರು ಯಾರೂ ಇರಲಿಲ್ಲ. ಎಡಗಡೆಯ ಸೊಂಟದ ಮೇಲೆ, ಹೆಬ್ಬೆರಳಿನಿಂದ ಒತ್ತಿ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ನೋವು ಶುರುವಾಯಿತು. ಮುಂದೆ ಬಗ್ಗಿದರೆ ನೋವಿಲ್ಲ, ಹಿಂದಕ್ಕೆ ಬಾಗಿದರೆ ಚುಚ್ಚುತ್ತಿತ್ತು. ಮೊದಲು ತೋರಿಸಿದ ವೈದ್ಯರು ಸಾದಾ ಎಕ್ಸ್‌ರೇ ನೋಡಿ, ಸ್ನಾಯು ಹಿಡಿದಿದೆ ಎಂದು ಮಾತ್ರೆ ಬರೆದು, ಹತ್ತು ದಿನ ಆಡಬೇಡ ಎಂದು ಕಳಿಸಿದರು. ಈ ಬಗೆಯ ಬಿರುಕು ಆರಂಭದಲ್ಲಿ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಇಂದು ನನ್ನ ಬಳಿ ಬರುವ ಹುಡುಗ ಒಂದೇ ಕಾಲಿನ ಮೇಲೆ ನಿಂತು ಹಿಂದಕ್ಕೆ ಬಾಗಿದಾಗ ಎಡಗಡೆ ನೋವು ಎಂದರೆ, ನಾನು ಅವನ ಕೈಯಿಂದ ಚೆಂಡು ತೆಗೆದುಕೊಂಡು ಅವನ ತಂದೆಗೆ ಎಂಆರ್‌ಐ ಮಾಡಿಸಲು ಹೇಳುತ್ತೇನೆ. ಖರ್ಚಿನ ಮಾತು ಬಂದೇ ಬರುತ್ತದೆ. ಆದರೂ ಹೇಳುತ್ತೇನೆ.

ಏಳು ವಾರ ಕಳೆದಾಗ ನೋವು ಹೋಯಿತು. ನೋವು ಹೋದದ್ದನ್ನೇ ವಾಸಿಯಾದದ್ದು ಎಂದು ನಂಬಿದೆ. ಕಾರವಾರದಲ್ಲಿ ನಡೆದ ಟೆನಿಸ್ ಬಾಲ್ ಟೂರ್ನಿಯಲ್ಲಿ ಪಂದ್ಯಕ್ಕೆ ಎರಡೆರಡು ಓವರ್ ಎಸೆದೆ, ಏನೂ ಆಗಲಿಲ್ಲ. ಆ ಧೈರ್ಯದಲ್ಲಿ ಮುಂದಿನ ವಾರವೇ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಲೆದರ್ ಬಾಲ್ ಪಂದ್ಯ ಆಡಲು ಹೋದೆ. ಶನಿವಾರ ಹನ್ನೆರಡು ಓವರ್ ಎಸೆದೆ, ಭಾನುವಾರ ಮತ್ತೆ ಚೆಂಡು ಕೈಗೆತ್ತಿಕೊಂಡೆ. ಆ ದಿನದ ಮೂರನೆಯ ಓವರ್‌ನಲ್ಲಿ ಎಡಗಾಲು ಕ್ರೀಸಿಗೆ ಬಡಿದ ಕ್ಷಣ, ಒಣಗಿದ ಅಡಿಕೆ ಸೋಗೆಯನ್ನು ಮುರಿದಂಥ ಅನುಭವ ಬೆನ್ನಿನೊಳಗೆ ಆಯಿತು. ಮನೆಗೆ ಬರುವಾಗ ಬಸ್ಸಿನಲ್ಲಿ ಘಟ್ಟದ ಒಂದೊಂದು ತಿರುವಿನಲ್ಲೂ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಕುಳಿತಿದ್ದೆ.

ಹುಬ್ಬಳ್ಳಿಯಲ್ಲಿ ಎಂಆರ್‌ಐ ಮಾಡಿಸಿದಾಗ ಎಲ್ಲವೂ ಸ್ಪಷ್ಟವಾಯಿತು. ಬೆನ್ನುಹುರಿಯನ್ನು ಸುತ್ತುವರಿದ ಮೂಳೆಯ ಉಂಗುರದಲ್ಲಿ ಪಾರ್ಸ್ ಎಂಬ ತೆಳ್ಳಗಿನ ಸೇತುವೆಯಂಥ ಭಾಗವಿದೆ. ಕೆಳಬೆನ್ನಿನ ಕೊನೆಯ ಕಶೇರುವಿನಲ್ಲಿ, ಎಂದರೆ ವೈದ್ಯರು ಎಲ್ ಫೈವ್ ಎನ್ನುವ ಬೆನ್ನೆಲುಬಿನ ಮೂಳೆಯಲ್ಲಿ, ಎಡಬದಿಯ ಆ ಸೇತುವೆ ಬಿರುಕು ಬಿಟ್ಟಿತ್ತು. ಬಲಗೈ ಬೌಲರ್‌ಗಳಿಗೆ ಇದು ಹೆಚ್ಚಾಗಿ ಎಡಗಡೆಯೇ ಆಗುತ್ತದೆ. ಚೆಂಡು ಬಿಡುವ ಹೊತ್ತಿಗೆ ಮೈ ಎಡಕ್ಕೆ ಬಾಗಿ, ಹಿಂದಕ್ಕೆ ಸೆಟೆದು, ಜೊತೆಗೆ ತಿರುಚಿಕೊಳ್ಳುತ್ತದೆ. ಸರಿಯಾಗಿ ಅದೇ ಕ್ಷಣದಲ್ಲಿ ಮುಂಗಾಲು ನೆಲಕ್ಕೆ ಬಡಿದು, ದೇಹದ ತೂಕದ ಐದಾರು ಪಟ್ಟು ಹೊಡೆತ ಮೇಲಕ್ಕೆ ಏರುತ್ತದೆ. ಹದಿಹರೆಯದಿಂದ ಇಪ್ಪತ್ತರ ದಶಕದ ಮೊದಲ ವರ್ಷಗಳವರೆಗೆ ಆ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆಸ್ಟ್ರೇಲಿಯಾದ ವೇಗದ ಬೌಲರ್ ಪ್ಯಾಟ್ ಕಮಿನ್ಸ್ 2011ರಲ್ಲಿ, 18ನೆಯ ವಯಸ್ಸಿನಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ ಮೊದಲ ಟೆಸ್ಟ್ ಆಡಿ ಏಳು ವಿಕೆಟ್ ಪಡೆದ ಮೇಲೆ, ಎರಡನೆಯ ಟೆಸ್ಟ್ ಆಡಿದ್ದು 2017ರ ಮಾರ್ಚ್‌ನಲ್ಲಿ, ರಾಂಚಿಯಲ್ಲಿ. ಆ ನಡುವೆ ಬೆನ್ನಿನದೂ ಸೇರಿ ಹಲವು ಗಾಯಗಳಾದರೂ, ಮೈ ಸರಿಯಿದ್ದಾಗ ಅವರು ಏಕದಿನ ಮತ್ತು ಟಿ20 ಪಂದ್ಯ ಆಡುತ್ತಿದ್ದರು. ನಾಲ್ಕು ಓವರ್ ಅಥವಾ ಹತ್ತು ಓವರ್ ಎಸೆಯಬಲ್ಲ ಬೆನ್ನು ಐದು ದಿನದ ಪಂದ್ಯಕ್ಕೆ ಸಿದ್ಧವಾಗಿದೆ ಎಂದಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಕಾರವಾರದ ಎರಡು ಓವರ್ ನಂಬಿ ಶಿರಸಿಗೆ ಹೋದ ನಾನು ಮಾಡಿದ ತಪ್ಪೂ ಇದೇ.

ಹುಬ್ಬಳ್ಳಿಯ ಫಿಸಿಯೋ ಮೇಡಂ ಮೊದಲ ದಿನವೇ ಮೂರು ತಿಂಗಳು ಓಟವೂ ಬೇಡ, ಚೆಂಡೂ ಬೇಡ ಎಂದರು. ಆಗ ಮಳೆಗಾಲ ಶುರುವಾಗಿತ್ತು, ಹೇಗೂ ಮೈದಾನದಲ್ಲಿ ನೀರು ನಿಂತಿತ್ತು. ಅವರು ಮೂಳೆಯ ಬಗ್ಗೆ ವಿವರಿಸಿದ್ದನ್ನು ನಾನು ನಮ್ಮೂರಿನ ಮಾಡಿನ ಲೆಕ್ಕದಲ್ಲಿ ಅರ್ಥ ಮಾಡಿಕೊಂಡೆ. ಮೂಳೆ ತನ್ನನ್ನು ಗಟ್ಟಿ ಮಾಡಿಕೊಳ್ಳುವ ಮೊದಲು ಸವೆದ ಭಾಗವನ್ನು ತಾನೇ ತೆಗೆಯುತ್ತದೆ, ಹೊಸದನ್ನು ಕಟ್ಟುವುದು ಅದಾದ ಮೇಲೆ, ಮತ್ತು ನಿಧಾನವಾಗಿ. ಹಳೆಯ ಹಂಚು ಇಳಿಸಿ ಹೊಸ ಹಂಚು ಹೊದಿಸುವುದರೊಳಗೆ ಮಳೆ ಬಂದರೆ ಮನೆಯೊಳಗೆ ನೀರು ಬೀಳುವಂತೆ, ಆ ನಡುವಿನ ವಾರಗಳಲ್ಲಿ ಹೊರೆ ಏರಿಸಿದರೆ ಮೂಳೆ ಮತ್ತೆ ಬಿರಿಯುತ್ತದೆ. ಸ್ನಾಯು ಕೆಲವೇ ವಾರಗಳಲ್ಲಿ ಬಲ ಪಡೆಯುತ್ತದೆ, ದಮ್ಮು ಅದಕ್ಕಿಂತ ಬೇಗ ಬರುತ್ತದೆ, ಮೂಳೆಗೆ ತಿಂಗಳುಗಳು ಬೇಕು. ನಾನು ಸಿದ್ಧ ಎಂದು ಮನಸ್ಸು ಹೇಳುವುದು ಸ್ನಾಯುವಿನ ಮಾತು ಕೇಳಿ, ಮೂಳೆಯ ಮಾತು ಕೇಳಿ ಅಲ್ಲ.

ಜಗುಲಿಯಲ್ಲಿ ಚಾಪೆ ಹಾಸಿ ಮಾಡಿದ ವ್ಯಾಯಾಮಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಕ್ಕಕ್ಕೆ ಮಲಗಿ ಮೊಣಕೈಯ ಮೇಲೆ ಮೈ ಎತ್ತಿ ಹಿಡಿಯುವುದು, ಅಂಗಾತ ಮಲಗಿ ಒಂದೇ ಕಾಲಿನ ಬಲದಲ್ಲಿ ಸೊಂಟ ಎತ್ತುವುದು, ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಿನ ತುದಿಯ ಮೇಲೆ ನಿಂತು ಏರಿ ಇಳಿಯುವುದು, ನಂತರದ ತಿಂಗಳುಗಳಲ್ಲಿ ಜಿಮ್‌ನಲ್ಲಿ ಭಾರ ಎತ್ತುವುದು, ಇಷ್ಟೇ. ಆಯಿ ದಿನವೂ ಬೆಳಿಗ್ಗೆ ಗಂಜಿ ಬಡಿಸುವಾಗ "ಇವತ್ತು ಹ್ಯಾಂಗಿದ್ದು ತಮಾ?" ಎಂದು ಕೇಳುತ್ತಿದ್ದಳು. ಅವಳಿಗೆ ಗೊತ್ತಿದ್ದ ವೇಗದ ಬೌಲರ್ ಎಂದರೆ ಜಾವಗಲ್ ಶ್ರೀನಾಥ್ ಒಬ್ಬರೇ. 1997ರಲ್ಲಿ ಅವರ ಭುಜಕ್ಕೆ ಪೆಟ್ಟಾಗಿ ಶಸ್ತ್ರಚಿಕಿತ್ಸೆ ಆದದ್ದು, 1999ರಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದದ್ದು ಅಪ್ಪಯ್ಯ ಹೇಳಿದ ಮೇಲೆ ಅವಳಿಗೆ ಸಮಾಧಾನವಾಯಿತು. ನನಗೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನವರಾತ್ರಿಯ ಹೊತ್ತಿಗೆ ಓಟ ಶುರು ಮಾಡಿದೆ. ಬಾಡದ ಕಡಲದಂಡೆಯಲ್ಲಿ ಇಳಿತದ ಹೊತ್ತು ನೋಡಿಕೊಂಡೇ ಹೋಗುತ್ತಿದ್ದೆ, ಏಕೆಂದರೆ ಭರತದಲ್ಲಿ ಉಳಿಯುವುದು ಇಳಿಜಾರಿನ ಮರಳು, ಅದರ ಮೇಲೆ ಓಡಿದರೆ ಒಂದು ಕಡೆಯ ಸೊಂಟಕ್ಕೇ ಭಾರ ಬೀಳುತ್ತದೆ. ನೀರು ಹಿಂದೆ ಸರಿದ ಮೇಲೆ ತೆರೆದುಕೊಳ್ಳುವ ಒದ್ದೆ ಮರಳು ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರುತ್ತದೆ, ಹೆಜ್ಜೆ ಗುರುತನ್ನೂ ಉಳಿಸುತ್ತದೆ. ಆ ಗುರುತುಗಳೇ ನನ್ನ ಇನ್ನೊಂದು ದೋಷವನ್ನು ತೋರಿಸಿಕೊಟ್ಟವು. ಚೆಂಡಿಲ್ಲದೆ ಬೌಲಿಂಗ್ ಹೆಜ್ಜೆ ಹಾಕಿ ತಿರುಗಿ ನೋಡಿದಾಗ, ನನ್ನ ಹಿಂಗಾಲಿನ ಪಾದ ನೇರವಾಗಿ ಬ್ಯಾಟ್ಸ್‌ಮನ್ ನಿಲ್ಲುವ ಕಡೆಗೆ ಮುಖ ಮಾಡಿತ್ತು. ನನ್ನ ತಮ್ಮ ಹಿಂದಿನಿಂದ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಅದೇ ಹೊತ್ತಿಗೆ ಭುಜಗಳು ಪಕ್ಕಕ್ಕೆ ತಿರುಗಿದ್ದವು. ಸೊಂಟ ಒಂದು ದಿಕ್ಕು, ಭುಜ ಇನ್ನೊಂದು ದಿಕ್ಕು. ಇದನ್ನೇ ಮಿಶ್ರ ಆ್ಯಕ್ಷನ್ ಎನ್ನುತ್ತಾರೆ, ಬೆನ್ನಿಗೆ ಇದು ಕೆಟ್ಟದ್ದು ಎಂದೇ ಹೇಳುತ್ತಾರೆ. ಭುಜಗಳನ್ನು ಪಾದದ ದಿಕ್ಕಿಗೇ ತೆರೆದಿಡಲು ಕಲಿಯುವುದಕ್ಕೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ನನ್ನ ಔಟ್‌ಸ್ವಿಂಗ್, ಎಂದರೆ ಚೆಂಡು ಬ್ಯಾಟ್ಸ್‌ಮನ್‌ನಿಂದ ಹೊರಕ್ಕೆ ಸರಿಯುವ ಗುಣ, ಸಂಪೂರ್ಣ ಮಾಯವಾಗಿತ್ತು. ಅದಕ್ಕೆ ನಾನು ಬೆನ್ನು ನೋವಿಗಿಂತ ಹೆಚ್ಚು ಅತ್ತಿದ್ದೇನೆ.

ಲೆಕ್ಕದ ಕೆಲಸ ಶುರುವಾದದ್ದು ಇಲ್ಲಿಂದ. ಅಡಿಕೆ ಸೊಸೈಟಿಯವರು ಅಪ್ಪಯ್ಯನಿಗೆ ಕೊಟ್ಟಿದ್ದ ಡೈರಿಯಲ್ಲಿ ಪ್ರತಿ ಪುಟಕ್ಕೂ ಮೂರು ಗೆರೆ ಎಳೆದೆ: ಎಸೆದ ಚೆಂಡು, ಹತ್ತಕ್ಕೆ ಎಷ್ಟು ಜೋರು, ಮರುದಿನ ಬೆಳಿಗ್ಗೆ ಬೆನ್ನಿನ ನೋವು ಹತ್ತಕ್ಕೆ ಎಷ್ಟು. ಮೊದಲ ವಾರ ನಿಂತಲ್ಲಿಂದಲೇ 12 ಚೆಂಡು, ಮೂರು ದಿನ, ಮಧ್ಯೆ ಒಂದೊಂದು ದಿನ ಬಿಡುವು. ಆಮೇಲೆ ನಾಲ್ಕು ಹೆಜ್ಜೆಯಿಂದ 18, ಅರ್ಧ ರನ್‌ಅಪ್‌ನಿಂದ 24. ಸಂಖ್ಯೆ ಏರಿಸಿದ ವಾರ ಜೋರು ಏರಿಸುತ್ತಿರಲಿಲ್ಲ, ಜೋರು ಏರಿಸಿದ ವಾರ ಸಂಖ್ಯೆ ಏರಿಸುತ್ತಿರಲಿಲ್ಲ. ಮೂರನೆಯ ಗೆರೆಯಲ್ಲಿ ಹತ್ತಕ್ಕೆ ಮೂರಕ್ಕಿಂತ ಹೆಚ್ಚು ಬರೆದ ದಿನ ಚೆಂಡು ಮುಟ್ಟುತ್ತಿರಲಿಲ್ಲ. ನೆಟ್ಸ್‌ನಲ್ಲಿ ಗೆಳೆಯರು ಇನ್ನೊಂದೇ ಓವರ್ ಎಂದು ಕರೆಯುವಾಗ ಬೂಟು ಬಿಚ್ಚಿ ಕುಳಿತುಕೊಳ್ಳುವುದು ಕಷ್ಟದ ಕೆಲಸ. ಜಸ್‌ಪ್ರೀತ್ ಬುಮ್ರಾ 2025ರ ಆರಂಭದಲ್ಲಿ ಸಿಡ್ನಿಯಲ್ಲಿ ಬೆನ್ನು ಹಿಡಿದು ಪಂದ್ಯದ ನಡುವೆಯೇ ಮೈದಾನ ಬಿಟ್ಟ ಮೇಲೆ, ಆ ವರ್ಷದ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಮೂರನ್ನಷ್ಟೇ ಆಡಿದರು. ಅವರನ್ನು ಅದಕ್ಕಾಗಿ ಆಡಿಕೊಂಡವರ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. 2023ರಲ್ಲಿ ಶಸ್ತ್ರಚಿಕಿತ್ಸೆ ಆದ ಬೆನ್ನು ಅದು, ಬೂಟು ಬಿಚ್ಚಿ ಕುಳಿತುಕೊಳ್ಳುವುದೂ ಅದರ ಪಾಲಿಗೆ ಬೌಲಿಂಗ್‌ನ ಭಾಗವೇ.

ಹನ್ನೊಂದನೆಯ ತಿಂಗಳಿಗೆ ವಾರಕ್ಕೆ 180 ಚೆಂಡು ಪೂರ್ತಿ ಜೋರಿನಲ್ಲಿ ಎಸೆಯುವಂತಾದೆ. ಇನ್ನು ಆಡಬಹುದಲ್ಲ ಎಂದು ಕೇಳಿದಾಗ ಮೇಡಂ, "ಒಂದು ದಿನ ಬಿಟ್ಟು ಒಂದು ದಿನ ಎಸೆದಿದ್ದೀಯ. ಎರಡು ದಿನ ಸೇರಿಸಿ ಎಸೆದಿದ್ದೀಯಾ?" ಎಂದು ಕೇಳಿದರು. ಎಸೆದಿರಲಿಲ್ಲ. ಶಿರಸಿಯ ಆ ಭಾನುವಾರವನ್ನು ನಾನು ಮೈಯಲ್ಲಿ ಅಡಗಿಸಿಟ್ಟುಕೊಂಡು, ಅರಿವಿಲ್ಲದೆಯೇ ಪ್ರತಿ ಸಲ ಮರುದಿನವನ್ನು ತಪ್ಪಿಸಿಕೊಂಡು ಬಂದಿದ್ದೆ. ಮುಂದಿನ ಆರು ವಾರ ಅದಕ್ಕೇ ಮೀಸಲಾಯಿತು. ಮೊದಲು ಶನಿವಾರ 48, ಭಾನುವಾರ 18. ಕೊನೆಗೆ ಶನಿವಾರ 84, ಭಾನುವಾರ 54. ಸ್ಪೆಲ್‌ಗಳ, ಎಂದರೆ ಒಂದೇ ಸರದಿಯಲ್ಲಿ ಎಸೆಯುವ ಓವರ್‌ಗಳ, ನಡುವೆ ಪಂದ್ಯದಲ್ಲಿ ಆಗುವಂತೆಯೇ ಒಂದೂವರೆ ತಾಸು ಬಿಸಿಲಲ್ಲಿ ಫೀಲ್ಡಿಂಗ್‌ಗೆ ನಿಲ್ಲುತ್ತಿದ್ದೆ. ತಣ್ಣಗಾದ ಮೈಯನ್ನು ಮತ್ತೆ ಎಬ್ಬಿಸುವ ಮೊದಲ ನಾಲ್ಕು ಚೆಂಡುಗಳೇ ಅತ್ಯಂತ ಅಪಾಯದವು ಎಂಬುದನ್ನು ಕಲಿತದ್ದು ಆಗ. ಕ್ಯಾಪ್ಟನ್ ಕರೆಯುವ ಎರಡು ಓವರ್ ಮೊದಲೇ ಬೌಂಡರಿಯಲ್ಲಿ ಸೊಂಟ, ತೊಡೆ ಸಡಿಲಿಸಿಕೊಳ್ಳುವ ಅಭ್ಯಾಸ ಅಂದಿನಿಂದ ಉಳಿದಿದೆ.

ಗಾಯವಾಗಿ ಹದಿನಾಲ್ಕು ತಿಂಗಳ ಮೇಲೆ ಹುಬ್ಬಳ್ಳಿಯಲ್ಲಿ ಎರಡು ದಿನದ ಪಂದ್ಯ ಆಡಿದೆ. ಮೊದಲ ದಿನ ಮೂರು ಸ್ಪೆಲ್‌ಗಳಲ್ಲಿ 14 ಓವರ್, ಒಂದು ವಿಕೆಟ್. ಸಂಜೆಗೆ ಎದುರಾಳಿಗಳ ಏಳು ವಿಕೆಟ್ ಬಿದ್ದಿತ್ತು, ಎಂದರೆ ಬೆಳಿಗ್ಗೆ ಹೊಸ ದಿನದ ಮೊದಲ ಓವರ್ ನನ್ನದೇ. ರಾತ್ರಿ ಲಾಡ್ಜ್‌ನಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ಐದೂವರೆಗೆ ಎಚ್ಚರವಾದಾಗ ಹಾಸಿಗೆಯಿಂದ ಏಳುವ ಮೊದಲು, ಮೇಡಂ ಹೇಳಿದ್ದಂತೆ, ಮೊಣಕಾಲು ಮಡಚಿ ಎರಡೂ ಕಡೆಗೆ ಹತ್ತು ಹತ್ತು ಬಾರಿ ಹೊರಳಿಸಿದೆ. ಬಿಗಿತ ಇತ್ತು, ಅಗಲವಾಗಿ, ಇಡೀ ಬೆನ್ನಿಗೆ ಹರಡಿಕೊಂಡಿತ್ತು. ಹೆಬ್ಬೆರಳಿನಷ್ಟು ಜಾಗದ ಆ ಚುಚ್ಚು ಇರಲಿಲ್ಲ. ಎದ್ದು ನಿಂತು, ಗೋಡೆ ಹಿಡಿದು, ಎಡಗಾಲಿನ ಮೇಲೆ ಹಿಂದಕ್ಕೆ ಬಾಗಿದೆ. ಇರಲಿಲ್ಲ. ಇನ್ನೊಮ್ಮೆ ಬಾಗಿದೆ.

ಮೈದಾನದಲ್ಲಿ ಮೊದಲ ಚೆಂಡು ಲೆಗ್ ಸ್ಟಂಪಿನ ಹೊರಗೆ ಹೋಯಿತು, ಎರಡನೆಯದನ್ನು ಬ್ಯಾಟ್ಸ್‌ಮನ್ ಬೌಂಡರಿಗೆ ಹೊಡೆದ. ಮೂರನೆಯ ಓವರ್‌ಗೆ, ಶಿರಸಿಯಲ್ಲಿ ಬೆನ್ನು ಮುರಿದಿದ್ದ ಅದೇ ಮೂರನೆಯ ಓವರ್‌ಗೆ, ಕ್ಯಾಪ್ಟನ್ ಚೆಂಡು ಕೊಟ್ಟಾಗ ನನ್ನ ಕೈ ಬೆವರಿತ್ತು. ಆ ಓವರ್‌ನ ನಾಲ್ಕನೆಯ ಚೆಂಡು ಆಫ್ ಸ್ಟಂಪಿನ ಸಾಲಿಗೆ ಬಿದ್ದು, ತಿಂಗಳುಗಟ್ಟಲೆ ಕಾಣದೆ ಹೋಗಿದ್ದ ಸ್ವಿಂಗ್‌ನಿಂದ ಹೊರಕ್ಕೆ ಸರಿದು, ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿತು. ಬೆಳಿಗ್ಗೆ ಐದು ಓವರ್, ಸಂಜೆ ಎರಡನೆಯ ಇನಿಂಗ್ಸ್‌ನಲ್ಲಿ ನಾಲ್ಕು ಓವರ್ ಎಸೆದೆ. ಪಂದ್ಯ ಡ್ರಾ ಆಯಿತು.

ಸೋಮವಾರ ಬೆಳಿಗ್ಗೆ ಕುಮಟಾದ ಮನೆಯಲ್ಲಿ, ಆಯಿ ಕೇಳುವ ಮೊದಲೇ, ಡೈರಿ ತೆಗೆದು ಬರೆದೆ: ಶನಿವಾರ 84, ಭಾನುವಾರ 54. ಬೆನ್ನು 2, ಎಡ ಹಿಮ್ಮಡಿ 4. ಮುಂದಿನ ಚೆಂಡು ಗುರುವಾರ, 24.