ಪ್ರವಾಸದಿಂದ ಥ್ರಿಲ್ಲರ್‌ಗೆ: ಊರಿನಿಂದ ಏನು ತರಬೇಕು, ಹೇಗೆ ಬಳಸಬೇಕು

ಸಾಗರದ ಕಡೆಯಿಂದ ಸಿಗಂದೂರಿಗೆ ಹೊರಟು, ಹೊಳೆಬಾಗಿಲಿನಲ್ಲಿ ಸಂಜೆಯ ಕೊನೆಯ ಲಾಂಚ್ (ಜನರನ್ನೂ ಗಾಡಿಗಳನ್ನೂ ದಾಟಿಸುವ ದೋಣಿ) ತಪ್ಪಿಸಿಕೊಂಡವರಿಗೆ ಆಚೆ ದಡ ಕಣ್ಣಿಗೆ ಕಾಣುತ್ತಿತ್ತು, ಆದರೆ ಅಲ್ಲಿಗೆ ಹೋಗಲು ದಾರಿ ಇರುತ್ತಿರಲಿಲ್ಲ. ನಿಟ್ಟೂರಿನ ಕಡೆಯಿಂದ ಸುತ್ತು ಹಾಕಬೇಕಿತ್ತು, ಇಲ್ಲವೇ ಬೆಳಗಿನ ತನಕ ಕಾಯಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಶರಾವತಿ ಹಿನ್ನೀರಿನಾಚೆ ಉಳಿದ ಊರುಗಳು ದಶಕಗಳ ಕಾಲ ಹೀಗೇ ಬದುಕಿದವು. ಥ್ರಿಲ್ಲರ್ ಬರೆಯುವವರು ಪ್ರವಾಸದಿಂದ ತರಬೇಕಾದದ್ದು ಇಂಥ ಸಂಗತಿ. ಹಿನ್ನೀರಿನ ಮೇಲಿನ ಸೂರ್ಯಾಸ್ತ ಚೆಂದವೇ, ಆದರೆ ಅದು ಯಾರ ದಾರಿಗೂ ಅಡ್ಡ ಬರುವುದಿಲ್ಲ. ಕೊನೆಯ ಲಾಂಚ್ ಅಡ್ಡ ಬರುತ್ತದೆ.

ಹಾಗಾಗಿ ಊರಿಗೆ ಕಾಲಿಟ್ಟ ಕೂಡಲೇ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ‘ಅಡ್ಡಿಗಳು’ ಎಂದು ಹೆಸರು ಕೊಡಿ. ಕೊನೆಯ ಬಸ್ಸು ಎಷ್ಟಕ್ಕೆ? ಯಾವ ತಿರುವಿನಲ್ಲಿ ಸಿಗ್ನಲ್ ಸಾಯುತ್ತದೆ, ಎಷ್ಟು ದೂರದ ನಂತರ ಮತ್ತೆ ಬರುತ್ತದೆ? ಗೇಟಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಕರೆಂಟು ಹೋದರೆ ಪೆಟ್ರೋಲ್ ಬಂಕ್ ನಡೆಯುತ್ತದೋ? ಹತ್ತಿರದ ಆಸ್ಪತ್ರೆಗೆ ಹಗಲಲ್ಲಿ ಎಷ್ಟು ಹೊತ್ತು, ಮಳೆಗಾಲದ ರಾತ್ರಿ ಎಷ್ಟು ಹೊತ್ತು? ಇಂಥ ಹತ್ತು ಉತ್ತರ ಸಿಕ್ಕರೆ ಅರ್ಧ ಕಥಾವಸ್ತು ಸಿಕ್ಕಂತೆ. ಬಂಡೀಪುರವನ್ನೇ ತೆಗೆದುಕೊಳ್ಳಿ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಯತ್ತ ಓಡುವ ಪಾತ್ರ 8.50ಕ್ಕೆ ಚೆಕ್‌ಪೋಸ್ಟ್ ಮುಟ್ಟಿದರೆ ಒಂದು ಕಥೆ, 9.05ಕ್ಕೆ ಮುಟ್ಟಿದರೆ ಇನ್ನೊಂದು ಕಥೆ. ಹುಲಿಯನ್ನು ತರುವ ಅಗತ್ಯವೇ ಬೀಳುವುದಿಲ್ಲ.

ಟಿಪ್ಪಣಿ ಮಾಡುವ ಕ್ರಮ ಸರಳ. ಒಂದೇ ಜಾಗದಲ್ಲಿ ಫೋನು ಜೇಬಿನಲ್ಲಿಟ್ಟು 15 ನಿಮಿಷ ಕೂರಿ. ವಾಸನೆಯನ್ನು ಮೊದಲು ಬರೆದುಕೊಳ್ಳಿ, ಯಾಕೆಂದರೆ ಅದನ್ನು ಯಾವ ಫೋನೂ ಹಿಡಿದಿಡುವುದಿಲ್ಲ, ಸಂಜೆಯ ಹೊತ್ತಿಗೆ ನಿಮಗೂ ಮರೆತಿರುತ್ತದೆ. ಆಮೇಲೆ ಎರಡು ನಿಮಿಷ ಸದ್ದು ರೆಕಾರ್ಡ್ ಮಾಡಿ. ಫೋಟೊ ಕೊನೆಗೆ ಸಾಕು, ಅದೂ ನೋಟದ ಫೋಟೊಗಿಂತ ಬಸ್‌ ವೇಳಾಪಟ್ಟಿ, ಎಚ್ಚರಿಕೆ ಫಲಕ, ಬಾಗಿಲ ಚಿಲಕ, ಮೆಟ್ಟಿಲು, ಹಿಂಬಾಗಿಲಿನ ಓಣಿ. ಲೊಕೇಶನ್ ಆನ್ ಇದ್ದರೆ ಪ್ರತಿ ಫೋಟೊದ ಜೊತೆ ಸಮಯವೂ ಜಾಗವೂ ಉಳಿಯುತ್ತವೆ, ಬರೆಯುವಾಗ ಅದೇ ಆಧಾರ. ಪಾತ್ರ ಓಡುವ ದಾರಿಯನ್ನು ನೀವೇ ನಡೆದು ಗಡಿಯಾರ ನೋಡಿ. ಕೊನೆಗೆ ಕೈಯಲ್ಲೇ ಒಂದು ನಕ್ಷೆ ಬಿಡಿಸಿ, ಯಾವ ಮನೆಯ ಜಗಲಿಯಿಂದ ಯಾವ ದಾರಿ ಕಾಣುತ್ತದೆ ಎಂದು ಬಾಣ ಹಾಕಿ. ಯಾರು ಯಾರನ್ನು ನೋಡಬಲ್ಲರು ಎಂಬುದು ಮೊಬೈಲಿನ ಮ್ಯಾಪಿನಲ್ಲಿ ಇರುವುದಿಲ್ಲ.

ಅದೇ ಜಾಗಕ್ಕೆ ಕತ್ತಲಾದ ಮೇಲೆ ಇನ್ನೊಮ್ಮೆ ಹೋಗಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು. ಬಹಳ ಹಸ್ತಪ್ರತಿಗಳು ಎಡವುವುದು ಇಲ್ಲೇ: ಹಗಲು ನೋಡಿದ ಜಾಗಕ್ಕೆ ರಾತ್ರಿಯ ಬಣ್ಣ ಬಳಿದಿರುತ್ತಾರೆ. ಅಮಾವಾಸ್ಯೆಯ ರಾತ್ರಿ ಅಡಿಕೆ ತೋಟದೊಳಗೆ ಮುಖದ ಗುರುತು ಸಿಗುವುದಿಲ್ಲ, ಹಾಗಿರುವಾಗ ಸಾಕ್ಷಿ ಕೊಲೆಗಾರನ ಗಾಯದ ಗುರುತು ನೋಡುವುದು ಹೇಗೆ? ಸದ್ದಿನ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗಾಳಿಯಿಲ್ಲದ ರಾತ್ರಿ ನೀರಿನ ಮೇಲಿನ ಗಾಳಿ ತಂಪಾಗಿ, ಅದರ ಮೇಲಿನ ಪದರ ಬೆಚ್ಚಗಿದ್ದರೆ, ಸದ್ದು ಮೇಲಕ್ಕೆ ಚದುರದೆ ಬಾಗಿ ಕೆಳಗೇ ಬರುತ್ತದೆ. ಆಗ ಹಿನ್ನೀರಿನ ಒಂದು ದಡದ ಪಿಸುಮಾತಲ್ಲದಿದ್ದರೂ ಸಾಮಾನ್ಯ ಮಾತು ಬಹುದೂರ ಕೇಳಿಸುತ್ತದೆ. ಗುಟ್ಟು ಬಯಲಾಗಲು ಇದಕ್ಕಿಂತ ಸಹಜ ಕಾರಣ ಬೇಡ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಇದೆಲ್ಲ ತಿರುಗುಮುರುಗು. ಪಕ್ಕದಲ್ಲಿ ಕೂತವರ ಮಾತೇ ಕೇಳದು. ಅಲ್ಲಿ ‘ಹೆಜ್ಜೆ ಸಪ್ಪಳ ಕೇಳಿ ಬೆಚ್ಚಿದಳು’ ಎಂದು ಬರೆದರೆ ಮಲೆನಾಡಿನ ಓದುಗರು ಪುಸ್ತಕ ಮುಚ್ಚಿಡುತ್ತಾರೆ. ಒದ್ದೆ ಕಂಬಳಿಯ ವಾಸನೆ ಬಂದು ತಿರುಗಿ ನೋಡಿದಳು ಎಂದರೆ ನಂಬುತ್ತಾರೆ.

ಇನ್ನು ಕಾಲ. ಕಥೆ ನಡೆಯುವ ವರ್ಷ, ತಿಂಗಳು, ತಿಥಿ ಮೂರನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಿ. ಹೊಳೆಬಾಗಿಲಿನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿಲೋಮೀಟರ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಅದಕ್ಕೂ ಹಿಂದಿನ ಕಥೆಯಾದರೆ ಕೊನೆಯ ಲಾಂಚ್ ನಿಮ್ಮ ಗಡಿಯಾರ. ಆಮೇಲಿನದಾದರೆ ಆ ಗಡಿಯಾರ ನಿಂತಿದೆ, ಬೇರೆ ಅಡ್ಡಿ ಹುಡುಕಬೇಕು. ಹಿನ್ನೀರಿನ ಮಟ್ಟವೂ ತಿಂಗಳಿಗೊಂದು ರೂಪ ತಾಳುತ್ತದೆ. ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ಬೇಸಿಗೆಯ ಕೊನೆಗೆ ನೀರು ಇಳಿದರೆ ಮುಳುಗಿದ್ದ ಮರದ ಬೊಡ್ಡೆಗಳು, ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತವೆ. ಆಗಸ್ಟಿನಲ್ಲಿ ಮುಳುಗಿಸಿದ ಒಂದು ಕಾರು ಮೇ ತಿಂಗಳಲ್ಲಿ ತಾನಾಗಿ ಬಯಲಿಗೆ ಬರಬಹುದು. ಸೂರ್ಯನ ಲೆಕ್ಕವನ್ನೂ ಹಾಕಿ: ಈ ಭಾಗದಲ್ಲಿ ಜೂನ್ ಮಧ್ಯದಲ್ಲಿ ಹೊತ್ತು ಮುಳುಗುವುದು ಏಳರ ಸುಮಾರಿಗೆ, ನವೆಂಬರ್ ಕೊನೆಯಲ್ಲಿ ಆರರ ಸುಮಾರಿಗೆ. ಆ ಒಂದು ಗಂಟೆಯಲ್ಲಿ ಇಡೀ ಅಧ್ಯಾಯ ಬೀಳುತ್ತದೆ.

ಟಿಪ್ಪಣಿ ದೃಶ್ಯವಾಗುವ ಬಗೆಯನ್ನು ಹತ್ತಿರದಿಂದ ನೋಡಿ. ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: ‘ಲಾಂಚ್. ಗಾಡಿ ಹತ್ತಿದಾಗ ಕಬ್ಬಿಣದ ಹಲಗೆಯ ಸದ್ದು. ಡೀಸೆಲ್ ಹೊಗೆ. ಗಾಡಿಗಳು ಒತ್ತೊತ್ತಾಗಿ. ಕೊನೆಗೆ ಹತ್ತಿದ್ದು ಮೊದಲು ಇಳಿಯುತ್ತದೋ, ಕೊನೆಗೋ? ಕೇಳಬೇಕು.’ ಇದರಿಂದ ಹುಟ್ಟಬಾರದ ಸಾಲು: ‘ಶರಾವತಿಯ ರಮಣೀಯ ಹಿನ್ನೀರು ಹೊಂಬಣ್ಣದಲ್ಲಿ ಮಿಂದಿತ್ತು. ಗೌತಮನನ್ನು ಅವ್ಯಕ್ತ ಭಯ ಆವರಿಸಿತು.’ ಹುಟ್ಟಬೇಕಾದದ್ದು:

‘ಕಬ್ಬಿಣದ ಹಲಗೆ ಢಣ್ಣೆಂದಿತು. ಜೀಪು ಬಂದು ಗೌತಮನ ಕಾರಿನ ಪಕ್ಕಕ್ಕೇ ನಿಂತಿತು, ಬಾಗಿಲು ತೆಗೆಯಲೂ ಜಾಗವಿಲ್ಲದಷ್ಟು ಹತ್ತಿರ. ಇನ್ನು ಆಚೆ ದಡದ ತನಕ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಡೀಸೆಲ್ ಹೊಗೆ ಒಳಗೆ ಬರುತ್ತಿದ್ದರೂ ಅವನು ಗಾಜು ಏರಿಸಲಿಲ್ಲ. ಜೀಪಿನ ಆಚೆ ಬದಿಯ ಬಾಗಿಲು ತೆರೆದರೆ ಅವನಿಗೆ ಕೇಳಿಸಬೇಕಿತ್ತು.’

ಇಲ್ಲಿ ಜಾಗದ ವಿವರ ಮೂರೇ: ಹಲಗೆ, ಇಕ್ಕಟ್ಟು, ಹೊಗೆ. ಮೂರೂ ಗೌತಮನಿಗೆ ಏನೋ ಮಾಡುತ್ತಿವೆ. ಒಂದು ದೃಶ್ಯಕ್ಕೆ ಎರಡು ಮೂರು ವಿವರ ಸಾಕು. ಉಳಿದ ಮೂವತ್ತು ನೋಟ್‌ಬುಕ್ಕಿನಲ್ಲೇ ಇರಲಿ. ಕಷ್ಟಪಟ್ಟು ತಂದದ್ದನ್ನೆಲ್ಲ ತುರುಕುವ ಆಸೆ ಬಲವಾದದ್ದು, ಅದಕ್ಕೆ ಸೋತರೆ ಥ್ರಿಲ್ಲರ್ ಹೋಗಿ ಪ್ರವಾಸ ಕಥನ ಉಳಿಯುತ್ತದೆ.

ಊರಿನ ಜನರನ್ನು ಖಾಲಿ ಹಿನ್ನೆಲೆ ಮಾಡಬೇಡಿ. ಹಳ್ಳಿಯಲ್ಲಿ ಅಪರಿಚಿತರು ಬಸ್ಸಿಳಿದರೆ ‘ಯಾರ ಮನೆಗೆ ಬಂದಿದ್ದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಕೇರಿಯ ನಾಯಿಗಳು ಬೊಗಳದೆ ಬಿಡುವುದಿಲ್ಲ. ನಿಮ್ಮ ಕೊಲೆಗಾರನ ಹತ್ತಿರ ಆ ಪ್ರಶ್ನೆಗೆ ಉತ್ತರ ಇರಲೇಬೇಕು. ಪೊಲೀಸ್ ವಿವರವನ್ನೂ ವಿಚಾರಿಸಿಕೊಳ್ಳಿ: ಶವ ಸಿಕ್ಕ ಜಾಗ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೆ, ಅಲ್ಲಿಂದ ಜೀಪು ಬರಲು ಎಷ್ಟು ಹೊತ್ತು. ಅಸಹಜ ಸಾವಿನ ಪ್ರಕರಣ 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 194ನೇ ಕಲಮಿಗೆ ಬರುತ್ತದೆ, ಅದಕ್ಕೂ ಹಿಂದಿನ ಕಥೆಗೆ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 174.

ಸಂಶೋಧನೆಯ ಹೆಸರಿನಲ್ಲಿ ನಿಷೇಧ ಮುರಿಯಬೇಡಿ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಹಳಿಯ ಮೇಲೆ ನಡೆಯುವುದು ಕಾನೂನುಬಾಹಿರ, ಜೀವಕ್ಕೂ ಅಪಾಯ. ಹಗಲಿನ ರೈಲು ಹತ್ತಿ ಕಿಟಕಿ ಪಕ್ಕ ಕೂತರೆ 57 ಸುರಂಗಗಳೂ ಸಿಗುತ್ತವೆ. 50 ಅಡಿಗೆ ಒಂದಡಿ ಏರುವ ಕಡಿದಾದ ದಾರಿಯಾದ್ದರಿಂದ ರೈಲು ನಿಧಾನ, ಪ್ರತಿ ಸುರಂಗ ಎಷ್ಟು ಸೆಕೆಂಡು ಎಂದು ಆರಾಮಾಗಿ ಎಣಿಸಬಹುದು. ಅಣೆಕಟ್ಟು, ವಿದ್ಯುದಾಗಾರಗಳ ಬಳಿ ಫೋಟೊ ನಿಷೇಧದ ಫಲಕವಿದ್ದರೆ ಕ್ಯಾಮೆರಾ ಒಳಗಿರಲಿ.

ಹೆಸರುಗಳ ವಿಷಯದಲ್ಲಿ ಪಟ್ಟಣ, ನದಿ, ಹೆದ್ದಾರಿ ನಿಜವಾದದ್ದೇ ಇರಲಿ. ಕೊಲೆ ನಡೆಯುವ ಹಳ್ಳಿ, ಲಾಡ್ಜು, ಹೋಂಸ್ಟೇ ಕಲ್ಪನೆಯದಾಗಲಿ. ಮಾಲೀಕರ ರೂಪ, ಮನೆಯ ಬಣ್ಣ, ನಾಯಿಯ ಹೆಸರನ್ನೂ ಬದಲಿಸಿ, ಊಟ ಹಾಕಿದವರು ಪುಸ್ತಕದಲ್ಲಿ ತಮ್ಮನ್ನು ಖಳನಾಗಿ ಕಾಣಬಾರದು. ಕರಡು ಮುಗಿದ ಮೇಲೆ ಆ ಸೀಮೆಯವರೊಬ್ಬರಿಗೆ ಓದಲು ಕೊಟ್ಟು ಒಂದೇ ಪ್ರಶ್ನೆ ಕೇಳಿ: ‘ಎಲ್ಲಿ ನಂಬಿಕೆ ಬರಲಿಲ್ಲ?’ ಅವರು ಬೆರಳಿಟ್ಟ ಸಾಲನ್ನು ವಾದ ಮಾಡದೆ ತಿದ್ದಿ.